ಪಿಕಪ್ ಚಕ್ರದ ಮುಂದೆ ನಾಲ್ಕು ಮೊಟ್ಟೆ

ಆರ್ಲೋ ಟಾಲಫ್ಸನ್‌ನ ಹಳೇ ಪಿಕಪ್ಪಿನ ಮುಂದಿನ ಚಕ್ರದಿಂದ ಒಂದೇ ಗೇಣು ದೂರದಲ್ಲಿ, ಜಲ್ಲಿಯ ನಡುವೆ, ಜಲ್ಲಿಯದೇ ಬಣ್ಣದ ನಾಲ್ಕು ಮೊಟ್ಟೆಗಳಿದ್ದವು. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಅವನ ಒಂಬತ್ತು ವರ್ಷದ ಮಗಳು ಬ್ರಿಟಾ ಕೂತಿದ್ದಳು.

"ಏಳಮ್ಮಾ, ಹೊತ್ತಾಯ್ತು."

"ಏಳಲ್ಲ. ಕಿಲ್‌ಡಿಯರ್ ಹಕ್ಕಿ ಮೊಟ್ಟೆ ಇಟ್ಟಿದೆ. ಗಾಡಿ ತೆಗೀಬೇಕಂದ್ರೆ ನನ್ನ ಮೇಲೇ ಹತ್ತಿಸ್ಕೊಂಡು ಹೋಗು!"

ಬೇರೆ ದಿನವಾಗಿದ್ದರೆ ಆರ್ಲೋ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಇವತ್ತು ಮಿನ್ನೆಸೋಟದಲ್ಲಿ ವಾಲೈ ಮೀನು ಹಿಡಿಯಲು ಶುರುಮಾಡುವ ಶನಿವಾರ. ಇಲ್ಲಿಯವರು ಮದುವೆ ಬೇಕಾದರೆ ಮುಂದೆ ಹಾಕುತ್ತಾರೆ, ಈ ದಿನವನ್ನು ಮಾತ್ರ ತಪ್ಪಿಸುವುದಿಲ್ಲ. ಸಂಜೆ ಆರಕ್ಕೆ ಕೆರೆಯ ದಂಡೆಯಲ್ಲಿ ಮೀನು ಅಳೆಯುತ್ತಾರೆ. ಗೆದ್ದವನ ಬಾಗಿಲಲ್ಲಿ ವರ್ಷವಿಡೀ ಒಂದು ಮರದ ಮೀನು ತೂಗುತ್ತದೆ. ಮೂರು ವರ್ಷದಿಂದ ಆ ದರಿದ್ರ ಮೀನು ಎದುರುಮನೆ ಡ್ವೇನ್‌ನ ಬಾಗಿಲಲ್ಲಿ ನೇತಾಡಿಕೊಂಡು ಆರ್ಲೋನನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಈ ಸಲ ಕಿತ್ತು ತರುತ್ತೇನೆಂದು ಅವನು ಚಳಿಗಾಲವೆಲ್ಲ ಊರತುಂಬ ಕೊಚ್ಚಿಕೊಂಡಿದ್ದ.

ಹಿಂದಕ್ಕೆ ಹೋಗೋಣವೆಂದರೆ ತಿಂಗಳ ಹಿಂದೆಯೇ ಪಿಕಪ್ಪಿಗೆ ಕಟ್ಟಿ ನಿಲ್ಲಿಸಿದ್ದ ದೋಣಿ, ಅದರ ಹಿಂದೆ ಗ್ಯಾರೇಜಿನ ಗೋಡೆ, ಎರಡೂ ಕಡೆ ಪೊದೆಬೇಲಿ. ಸಾಲದ್ದಕ್ಕೆ ದೋಣಿಯ ಟಾರ್ಪಾಲಿನ ಮೇಲೆ ಕೂತ ರಾಬಿನ್ ಹಕ್ಕಿಯೊಂದು ಬೆಳಗಿನಿಂದ ಅವನನ್ನೇ ಬೈಯುತ್ತಿತ್ತು.

ಪಕ್ಕದ ಮನೆಯ ವರ್ನಾಜ್ಜಿ ಕಾಫಿ ಹಿಡಿದು ಬಂದಳು. "ಮರಿಯಾಗೋಕೆ ನಾಲ್ಕು ವಾರ ಬೇಕಪ್ಪಾ. ಯಾವತ್ತು ಇಟ್ಟಿತ್ತೋ ಏನೋ. ಕೂತ್ಕೊಂಡು ಕಾಫಿ ಕುಡಿ."

"ನಾಲ್ಕು ವಾರ ಕಾಫಿ ಕುಡೀತಾ ಕೂರ್ಲಾ ಅಜ್ಜಿ?" ಎಂದು ಆರ್ಲೋ ಸಿಟ್ಟಿನಿಂದ ಹಾರ್ನ್ ಒತ್ತಿದ.

ಮೊಟ್ಟೆಗಳ ಬಳಿಯಿದ್ದ ತಾಯಿಹಕ್ಕಿ ಒಂದು ರೆಕ್ಕೆ ಎಳೆದುಕೊಂಡು, ಕಿರುಚುತ್ತಾ ಕುಂಟತೊಡಗಿತು. "ಅಯ್ಯೋ, ರೆಕ್ಕೆ ಮುರೀತಲ್ಲಪ್ಪಾ!" ಎಂದು ಆರ್ಲೋ ಅದರ ಹಿಂದೆಯೇ ಓಡಿದ. ರಸ್ತೆಯಂಚಿನ ಚರಂಡಿಯಲ್ಲಿ ಅವನು ಮೊಣಕಾಲುದ್ದ ಇಳಿದ ಮೇಲೆ ಹಕ್ಕಿ ಆರಾಮಾಗಿ ಹಾರಿಹೋಯಿತು.

"ಅದು ನಾಟಕ ಅಪ್ಪಾ," ಎಂದಳು ಬ್ರಿಟಾ. "ಶತ್ರು ಬಂದ್ರೆ ಹಾಗ್ ಮಾಡುತ್ತಂತೆ, ಟೀಚರ್ ಹೇಳಿದ್ರು."

"ನಾನು ಶತ್ರುನಾ?"

"ಇವತ್ತು ಹೌದು."

ಮಧ್ಯಾಹ್ನ ಡ್ವೇನ್ ಮೊಳದುದ್ದದ ಮೀನು ಹಿಡಿದು ಬಂದವನು, ಆರ್ಲೋನ ಕೆಸರುಗಾಲು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಬಕೆಟ್ಟು, ಸಲಿಕೆ ತಂದ. "ಮೊಟ್ಟೆ ಎತ್ತಿ ಆಚೆ ಹಾಕೋಕೆ ಎಷ್ಟೊತ್ತೋ? ಸೋಲ್ತೀನಿ ಅನ್ನೋ ಭಯಕ್ಕೆ ಹಕ್ಕಿ ನೆಪ ಬೇರೆ!"

ಈ ಸಲ ಹಕ್ಕಿ ಕುಂಟಲಿಲ್ಲ. ಒಂದು ಹಿಡಿಗಾತ್ರದ ಜೀವ, ರೆಕ್ಕೆ ಅಗಲಿಸಿ ಸಲಿಕೆಗೇ ಎದೆಗೊಟ್ಟು ನಿಂತಿತು. ಅದರ ಪಕ್ಕದಲ್ಲಿ ಬ್ರಿಟಾ. ಆರ್ಲೋಗೆ ತನ್ನ ಮೇಲೇ ನಾಚಿಕೆಯಾಯಿತು, ಡ್ವೇನ್ ಮೇಲೆ ಮೈಯೆಲ್ಲ ಉರಿಯಿತು.

"ಇಡೋ ಕೆಳಗೆ! ನನ್ನ ಜಾಗದಲ್ಲಿ ಯಾವ ಹಕ್ಕಿ ಮೊಟ್ಟೆನೂ ಯಾರೂ ಅಲ್ಲಾಡಿಸೋ ಹಾಗಿಲ್ಲ! ಮೀನೂ ಬೇಡ, ಗೀನೂ ಬೇಡ! ಬರ್ಕೋ ಪುಟ್ಟಾ!"

ಬ್ರಿಟಾ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು. ಆರ್ಲೋ ಸಹಿ ಹಾಕಿದ. ವರ್ನಾಜ್ಜಿ ಚಪ್ಪಾಳೆ ತಟ್ಟಿದಳು.

ಆ ಪುಣ್ಯವೋ ಏನೋ, ಒಂದು ಗಂಟೆಗೆ ಮೊಟ್ಟೆಗಳು ಬಿರಿದವು. ಸಂಜೆ ಐದರೊಳಗೆ ಕಡ್ಡಿಕಾಲಿನ ನಾಲ್ಕು ಮರಿಗಳು ತಾಯಿಯ ಹಿಂದೆ ಸಾಲಾಗಿ ಹುಲ್ಲಿಗೆ ನಡೆದುಹೋದವು. ಕೆರೆ ಹತ್ತೇ ನಿಮಿಷದ ದಾರಿ!

"ಇನ್ನೂ ಹೊತ್ತಿದೆ ಕಣೋ ಡ್ವೇನ್!" ಎಂದು ಕೂಗಿ ಆರ್ಲೋ ದೋಣಿಯ ಟಾರ್ಪಾಲು ಎಳೆದ.

ಮೋಟಾರಿನ ನೆತ್ತಿಯ ಮೇಲೆ ಹುಲ್ಲಿನ ಗೂಡು, ಗೂಡಿನಲ್ಲಿ ನಾಲ್ಕು ನೀಲಿ ಮೊಟ್ಟೆ. ರಾಬಿನ್ ಬೆಳಗಿನಿಂದ ಬೈದದ್ದು ಯಾಕೆಂದು ಅವನಿಗೆ ಈಗ ತಿಳಿಯಿತು.

ಬ್ರಿಟಾ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ಬಂದು, ರಟ್ಟನ್ನು ದೋಣಿಗೆ ತಗುಲಿಸಿದಳು. "ಯಾವ ಹಕ್ಕಿ ಮೊಟ್ಟೆನೂ ಅಂತಿದೆ ಅಪ್ಪಾ. ಸಹಿ ನಿಂದೇ."

ಎದುರುಮನೆಯಲ್ಲಿ ಡ್ವೇನ್ ಮರದ ಮೀನಿನ ಧೂಳು ಒರೆಸುತ್ತಾ ನಗುತ್ತಿದ್ದ. ಆರ್ಲೋ ರಟ್ಟು ನೋಡಿದ, ಡ್ವೇನ್‌ನನ್ನು ನೋಡಿದ. ಒಳಗಿಂದ ಇನ್ನೊಂದು ಕುರ್ಚಿ ತಂದು ದೋಣಿಯ ಪಕ್ಕ ಕುಕ್ಕಿ, ಕಾಲ ಮೇಲೆ ಕಾಲು ಹಾಕಿ ಕೂತ.

"ನಗೋ, ನಗು! ಈ ಮೊಟ್ಟೆ ಹತ್ರಾನೂ ಬಂದು ನೋಡು, ಗೊತ್ತಾಗುತ್ತೆ! ಮುಂದಿನ ವರ್ಷ ಆ ಮೀನು ನನ್ನ ಬಾಗಿಲಲ್ಲಿರುತ್ತೆ!"

"ಅಪ್ಪಾ," ಎಂದಳು ಬ್ರಿಟಾ ಮೆಲ್ಲಗೆ, "ಕಿಲ್‌ಡಿಯರ್ ಮುಂದಿನ ವರ್ಷನೂ ಅದೇ ಜಾಗಕ್ಕೆ ಬರುತ್ತಂತೆ. ಟೀಚರ್ ಹೇಳಿದ್ರು."