ಹಳೇ ಸೈಕಲ್ಲಿಗೆ ಹೊಸ ಗುಂಡು

"ನನ್ ತಮ್ಮ ಬಂದು ಸೈಕಲ್ ಕೇಳ್ತಾನೆ. ಕೊಡ್ಬೇಡಿ. ಬ್ರೇಕು ಹಾಕಿಸ್ಕಂಡು ನೀವೇ ಓಡಾಡಿ."

ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ಶಿವನ ಹೆಸರು ಹೇಳುತ್ತಾಳೆ ಅಂತ ಸುತ್ತ ಕೂತವರು ಕಿವಿಗೊಟ್ಟು ಬಗ್ಗಿದ್ದರು. ಅವಳು ಬ್ರೇಕಿನ ಹೆಸರು ಹೇಳಿದಳು. ಆಮೇಲೆ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಮೊದಲಿನಿಂದ ಹೀಗೇ. ಅಳೋ ಹೊತ್ತಿಗೆ ಸರಿಯಾಗಿ ಆ ಸೈಕಲ್ಲು ಅಡ್ಡ ಬಂದು ನಿಲ್ಲುತ್ತದೆ.

ಅವಳು ಹೇಳಿದ ಹಾಗೇ ಆಯಿತು. ಕಾರ್ಯ ಮುಗಿದ ದಿವಸ ಬಾಮೈದ ಕೇಳಿದ.

"ಭಾವ, ಆ ಸೈಕಲ್ಲು ಇನ್ನು ನಿಮಗ್ಯಾಕೆ? ನಂಗೆ ಕೊಡಿ."

ಅವನದು ತಪ್ಪಿಲ್ಲ. ಹೊಗೆಸೊಪ್ಪು ಹಾಕಿದ್ದಾನೆ, ಹೊಲ ದೂರ. ನನಗೂ ಕೊಟ್ಟುಬಿಡೋಣ ಅನ್ನಿಸಿತ್ತು. ಅವಳು ಕೂರುತ್ತಿದ್ದ ಕ್ಯಾರಿಯರ್ ಬರಿದಾಗಿ, ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ಅತ್ತ ನೋಡೋಕೆ ಆಗುತ್ತಿರಲಿಲ್ಲ. ಆದರೆ ಅವಳು ಬೇಡ ಅಂದಿದ್ದಾಳೆ. ಕೊಡೋ ಹಾಗೂ ಇಲ್ಲ, ಹತ್ತೋಕೆ ಮನಸ್ಸೂ ಇಲ್ಲ. "ಸೋಮವಾರ ಬಾರಯ್ಯ, ಹೇಳ್ತೀನಿ" ಅಂದೆ.

ಸೋಮವಾರದ ತನಕ ಮನೆಗೆ ಜನ ಬರುತ್ತಾ ಇದ್ದರು. ಬಂದವರು ಜಗಲಿ ಮೇಲೆ ಕೂರುತ್ತಿದ್ದರು. ಅವಳ ಮಾತೆತ್ತೋಕೆ ಅವರಿಗೆ ಸಂಕೋಚ. ಸೈಕಲ್ಲಿನ ಮಾತೆತ್ತುತ್ತಿದ್ದರು. ಯಾವ ಕಡೆಯಿಂದ ಎತ್ತಿದರೂ ಕೊನೆಗೆ ಅವಳೇ ಬರುತ್ತಿದ್ದಳು.

ನಾನು ಸಂತೆ ವ್ಯಾಪಾರದವನು. ಮನೆ ಹುಣಸೂರಲ್ಲಿ. ವಿಭೂತಿ, ಕುಂಕುಮ, ಕರ್ಪೂರ, ಊದುಬತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಸುತ್ತ ಊರಿಗೆಲ್ಲ ಹೋಗುತ್ತೇನೆ. ಸೈಕಲ್ಲು ಇಂಗ್ಲೆಂಡಿನದು. ಕಂದಾಯ ವಸೂಲಿಯ ಒಬ್ಬ ಶೇಕ್ದಾರರು ತುಳಿದು ತುಳಿದು ಸಾಕಾಗಿ ನನಗೆ ಕೊಟ್ಟದ್ದು. ನನ್ನ ಕೈಗೆ ಬರುವ ಹೊತ್ತಿಗೇ ಅದರಲ್ಲಿ ಸವೆಯದ ಸಾಮಾನು ಇರಲಿಲ್ಲ. ಸೈಕಲ್ ಶಾಪಿನವನಿಗೆ ಏನು ಕೇಳಿದರೂ ಒಂದೇ ಉತ್ತರ.

"ಬಿಳಿಯರು ಹೋದ್ರಲ್ಲ ಸ್ವಾಮಿ. ಹೋಗುವಾಗ ಇದರ ಸ್ಪೇರೂ ಮೂಟೆ ಕಟ್ಕಂಡು ಹೋದ್ರು."

ಬೆಲ್ಲು

ಮೊದಲು ಹೋದದ್ದು ಬೆಲ್ಲು. ಒಳಗಿನ ಸ್ಪ್ರಿಂಗು ಮುರಿದು, ಒತ್ತಿದರೆ ಕಪ್ಪೆ ಕೆಮ್ಮಿದ ಹಾಗೆ ಆಗುತ್ತಿತ್ತು. ಶಾಪಿನಲ್ಲಿ ಬೇರೆ ಇಲ್ಲ. ಅವಳು ಪೆಟ್ಟಿಗೆ ತಳದಿಂದ ಒಂದು ಸಣ್ಣ ಕಂಚಿನ ಗಂಟೆ ತೆಗೆದು ಹ್ಯಾಂಡಲ್ಲಿಗೆ ದಾರ ಹಾಕಿ ಕಟ್ಟಿದಳು.

"ದಾರ ಎಳೀರಿ, ಸದ್ದಾಯ್ತದೆ. ನಿಮ್ ಇಂಗ್ಲೆಂಡಿನ ಬೆಲ್ಲಿಗಿಂತ ಚೆನ್ನಾಗದೆ."

ಚೆನ್ನಾಗಿಯೇ ಇತ್ತು. ಹಾರನಹಳ್ಳಿ ಕಡೆ ಒಂದು ಊರಿಗೆ ಹೋದೆ. ಬೀದಿಯಲ್ಲಿ ಕೋಳಿ ಅಡ್ಡ ಬಂತು, ದಾರ ಎಳೆದೆ. ಕೋಳಿ ಹೋಗಲಿಲ್ಲ. ಮನೆ ಮನೆಯಿಂದ ಹೆಂಗಸರು ಮೊರದಲ್ಲಿ ರಾಗಿ ಹಿಡಿದು ಬಂದರು. ನನ್ನ ಹಣೆ ತುಂಬ ವಿಭೂತಿ, ಕೈಯಲ್ಲಿ ಗಂಟೆಯ ದಾರ. ಭಿಕ್ಷಕ್ಕೆ ಬರುವ ಜಂಗಮರು ಅಂದುಕೊಂಡರು.

"ಐನೋರು ಸೈಕಲ್ಲಲ್ಲಿ ಬಂದವ್ರೆ ಕಣೇ! ಬಿರ್ನೆ ಬಾರೇ!"

"ಅಲ್ಲ ತಾಯಿ, ನಾನು ಐನೋರಲ್ಲ. ಕುಂಕುಮ ಮಾರೋನು" ಅಂದೆ.

ಒಬ್ಬ ಅಜ್ಜಿ ಬಿಡಲಿಲ್ಲ. ನನ್ನ ಚೀಲದ ಬಾಯಿ ತಾನೇ ಅಗಲಿಸಿ ರಾಗಿ ಸುರಿದಳು. ಕಾಲಿಗೆ ಬಿದ್ದಳು. ಎದ್ದು, "ದೊಡ್ಡೋರು ಯಾವತ್ತು ತಾವು ದೊಡ್ಡೋರು ಅಂತ ಒಪ್ಕಂಡವ್ರೆ ಬುಡಿ" ಅಂದಳು.

ವಾಪಸು ಕೊಡೋಕೆ ಹೋದರೆ ಅಪಚಾರ ಅಂತಾರೆ. ಕುಂಕುಮ ಒಂದು ಚಿಟಿಕೆಯೂ ಹೋಗಲಿಲ್ಲ. ರಾಗಿ ಹೊತ್ತುಕೊಂಡು ಮನೆಗೆ ಬಂದೆ. ಗಂಟೆ ಬಿಚ್ಚು ಮಾರಾಯ್ತಿ ಅಂದೆ. ಅವಳು ಚೀಲಕ್ಕೆ ಕೈ ಹಾಕಿ ರಾಗಿ ನೋಡಿದಳು. ಒಳ್ಳೇ ರಾಗಿ.

"ನಾಳೆ ಒಂದಿನ ಇರ್ಲಿ. ಕೆ.ಆರ್. ನಗರದ ಕಡೆ ಹೋಗ್ಬನ್ನಿ. ಅಲ್ಲಿ ಅಕ್ಕಿ ಹಾಕ್ತಾರೆ."

ಸೀಟು

ಆಮೇಲೆ ಸೀಟಿನ ಚರ್ಮ ಬಿರಿಯಿತು. ಕೂತರೆ ಒಳಗಿನ ಕಂಬಿ ಚುಚ್ಚುತ್ತಿತ್ತು. ದೇವರ ಸಾಮಾನು ಮಾರೋ ಸೈಕಲ್ಲಿಗೆ ಮತ್ತೆ ಚರ್ಮ ಯಾಕೆ ಅಂತ ಅವಳೇ ಗೋಣಿತಾಟು ಕತ್ತರಿಸಿ, ಒಳಗೆ ಭತ್ತದ ಹುಲ್ಲು ತುಂಬಿ, ದಬ್ಬಣದಲ್ಲಿ ಹೊಲಿದು ಕಟ್ಟಿದಳು. ಮೆತ್ತಗೆ ಗಾದಿ ಹಾಗಿತ್ತು. ಗೋಣಿ ಮಾತ್ರ ಮೊದಲು ದನದ ಹಿಂಡಿ ತುಂಬಿಟ್ಟಿದ್ದು. ಅದನ್ನು ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಎಚ್.ಡಿ. ಕೋಟೆ ಸಂತೆಯಲ್ಲಿ ಸೈಕಲ್ಲನ್ನು ಮರಕ್ಕೆ ಒರಗಿಸಿ ಅಂಗಡಿ ಹರಡಿಕೊಂಡು ಕೂತೆ. ಮರದ ಆ ಕಡೆ ಒಬ್ಬ ರೈತ ಎತ್ತು ಕಟ್ಟಿದ್ದ. ಗಿರಾಕಿ ಹೆಚ್ಚಾಗಿತ್ತು, ನಾನು ತಿರುಗಿ ನೋಡಲಿಲ್ಲ. ಸಂತೆ ಕರಗಿದ ಮೇಲೆ ಎದ್ದು ನೋಡಿದರೆ ಸೀಟಿನ ಜಾಗದಲ್ಲಿ ಬರೀ ಕಂಬಿ ನಿಂತಿದೆ. ಎತ್ತು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದೆ. ಬಾಯಿಂದ ಗೋಣಿ ದಾರ ಇಳಿಬಿದ್ದಿದೆ.

"ಏನಣ್ಣ, ನಿನ್ನೆತ್ತು ನನ್ ಸೀಟು ತಿಂತಲ್ಲ!" ಅಂತ ಜಗಳಕ್ಕೆ ಹೋದೆ.

ರೈತ ಎತ್ತನ್ನು ನೋಡಿದ, ಕಂಬಿ ನೋಡಿದ, ನನ್ನ ನೋಡಿದ.

"ನನ್ನೆತ್ತು ಹುಲ್ಲು ತಿನ್ನಾದು ಸರಿಯಾಗೇ ಅದೆ. ಸೈಕಲ್ಲಿಗೆ ಯಾಕ್ ಸ್ವಾಮಿ ಹುಲ್ಲು ಹಾಕಿದ್ರಿ?"

ಹುಣಸೂರಿನ ತನಕ ಪೆಡಲಿನ ಮೇಲೆ ನಿಂತೇ ಬಂದೆ. ಈಗಿರುವ ಸೀಟೂ ಅವಳೇ ಹೊಲಿದದ್ದು. ಒಳಗೆ ಅರಳೆ ಹಾಕಿದ್ದಾಳೆ. ಒಂದು ಮೂಲೆ ಬಿಚ್ಚಿಕೊಂಡಿದೆ. ಮೊನ್ನೆ ನಾನು ದಬ್ಬಣ ಹಿಡಿದು ಕೂತೆ. ಅವಳ ಹೊಲಿಗೆ ಎಲ್ಲಿ ಶುರು, ಎಲ್ಲಿ ಗಂಟು ಅಂತ ಗೊತ್ತಾಗದೆ ಹಾಗೇ ಎತ್ತಿಟ್ಟೆ.

ಬ್ರೇಕು

ಬ್ರೇಕಿನ ರಬ್ಬರು ಯಾವಾಗ ಸವೆಯಿತೋ ನೆನಪಿಲ್ಲ. ನನಗೆ ಅದರ ಕೊರತೆ ಕಾಣಲಿಲ್ಲ. ಚಿಕ್ಕಂದಿನಿಂದ ಗಾಡಿ ಹೊಡೆದವನು. ಇಳಿಜಾರು ಬಂದರೆ "ಹೋ... ಹೋ..." ಅನ್ನುತ್ತಿದ್ದೆ. ಸೈಕಲ್ಲು ನಿಲ್ಲುತ್ತಿರಲಿಲ್ಲ, ಎದುರಿಗಿದ್ದ ಜನ ಪಕ್ಕಕ್ಕೆ ಸರಿಯುತ್ತಿದ್ದರು. ಎರಡೂ ಒಂದೇ. ಮಿಕ್ಕಿದ್ದಕ್ಕೆ ಕಾಲು ಇತ್ತು. ಕಾಲಲ್ಲಿ ಟೈರ್ ಚಪ್ಪಲಿ ಇತ್ತು.

"ಬ್ರೇಕು ಹಾಕಿಸ್ಕಳಿ" ಅಂತ ಅವಳು ಹೇಳೋಳು. "ನೋಡಣ" ಅನ್ನುತ್ತಿದ್ದೆ. ಹೊರಡುವಾಗ ಅವಳು ಅದನ್ನು ಹೇಳದ ದಿನ ಏನೋ ಮರೆತ ಹಾಗೆ ಆಗೋದು.

ಒಂದು ದಿವಸ ಹುಣಸೂರು ಪೇಟೆಯಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದರು. ನಾನು ಕಾಲು ಕೊಟ್ಟೆ. ಚಪ್ಪಲಿ ಕರ್ರ್ ಅಂತ ಉಜ್ಜಿ, ಅವರ ಬೂಟಿನ ತನಕ ಹೋಗಿ ನಿಂತೆ.

"ಬ್ರೇಕ್ ಎಲ್ರೀ?"

ನಾನು ಕಾಲೆತ್ತಿ ಚಪ್ಪಲಿ ತಳ ತೋರಿಸಿದೆ. ಹೊಗೆ ಆಡುತ್ತಿತ್ತು. ಅವರು ಬಗ್ಗಿ ನೋಡಿದರು. ನಗು ಬಂದರೂ ಮೀಸೆಯಲ್ಲೇ ತಡೆದರು.

"ಇದು ಫ್ರಂಟೋ, ಬ್ಯಾಕೋ?"

ಗುಂಡು

ಸೋಮವಾರ ಬಾಮೈದ ಬಂದ. ಸೈಕಲ್ಲು ಒರೆಸೋಕೆ ಬಟ್ಟೆಯನ್ನೂ ತಂದಿದ್ದ. ಜಗಲಿ ಮೇಲೆ ಅಕ್ಕಪಕ್ಕದವರು ಇದ್ದರು. ಪಕ್ಕದ ಮನೆಯವರು, "ಆ ಗುಂಡಿನ ಕತೆ ಹೇಳಿ, ಇವರ್ಯಾರೂ ಕೇಳಿಲ್ಲ" ಅಂದರು. ನನಗೆ ಹೇಳೋ ಮನಸ್ಸಿರಲಿಲ್ಲ. ಆದರೂ ಹೇಳಿದೆ. ಅವನಿಗೆ ಸೈಕಲ್ಲಿನ ಉತ್ತರ ಕೊಡೋದು ಅಷ್ಟು ಹೊತ್ತು ಮುಂದೆ ಹೋಗುತ್ತದಲ್ಲ.

ಹಿಂದಿನ ಚಕ್ರದ ಒಳಗೆ, ಅದು ಹಗುರ ತಿರುಗಲಿ ಅಂತ, ಕಬ್ಬಿಣದ ಸಣ್ಣ ಗುಂಡುಗಳು ಇರುತ್ತವೆ. ಅವು ಸವೆದು ಹುರುಳಿಕಾಳಿನ ಹಾಗೆ ಚಪ್ಪಟೆ ಆಗಿದ್ದವು. ಚಕ್ರ ಬೀಸೋ ಕಲ್ಲಿನ ಹಾಗೆ ಕೂಗೋದು. ಗೌರಿ ಹಬ್ಬದ ಹಿಂದಿನ ದಿನ ಶಾಪಿನವನು ಹೇಗೋ ಹೊಂದಿಸಿ ಹೊಸ ಗುಂಡು ಹಾಕಿಕೊಟ್ಟ. ಮಾರನೇ ದಿನ ಅವಳನ್ನು ಹಿಂದೆ ಕೂರಿಸಿಕೊಂಡು ಹಾರನಹಳ್ಳಿ ಕಡೆ ಅವಳ ತವರಿಗೆ ಹೊರಟೆ.

ಪಿರಿಯಾಪಟ್ಟಣ ದಾಟಿದ ಮೇಲೆ ಒಂದು ಏರು. ನಿಂತು ತುಳಿದೆ. ಸೈಕಲ್ಲು ಎಮ್ಮೆ ಹಾಗೆ ಎಳೆಯುತ್ತಿತ್ತು. ಇದೇನು, ಗುಂಡು ಹಾಕಿಸಿದ್ದು ದಂಡ ಆಯಿತು ಅಂದುಕೊಂಡೆ. ಅಷ್ಟರಲ್ಲಿ ಸೈಕಲ್ಲು ಹೂವಿನ ಹಾಗೆ ಹಗುರ ಆಯಿತು. ಏರಿನಲ್ಲೇ ಓಡೋಕೆ ಶುರು!

"ನೋಡಿದ್ಯಾ! ಗುಂಡು ಅಂದ್ರೆ ಇದು!" ಅಂದೆ.

ಮಾತಿಲ್ಲ.

"ಈಗ್ತಾನೆ ಸೆಟ್ಟಾಯ್ತು ಕಣೇ. ಮೈಸೂರಿಗೆ ಬೇಕಾದ್ರೂ ಹೋಗ್ಬೌದು."

ಮಾತಿಲ್ಲ. ಏರು ಮುಗಿದು ಇಳಿಜಾರು ಬಂತು. ಹೋ ಹೋ ಅಂದುಕೊಂಡು ಇಳಿದೆ. ಕಿರುಚಬೇಕಾಗಿದ್ದವಳು ಕಿರುಚಲಿಲ್ಲ. ಕೋಪ ಬಂದಿರಬೇಕು ಅಂದುಕೊಂಡೆ.

"ನಾನ್ ಮಾಡ್ಸಿದ್ದು ನಿಂಗೆ ಯಾವತ್ ಒಪ್ಗೆ ಆಗಿತ್ತು ಬುಡು."

ಅದಕ್ಕೂ ಮಾತಿಲ್ಲ. ಊರು ಹತ್ತಿರ ಬಂತು. ಹಬ್ಬದ ದಿವಸ ಮುಖ ಗಂಟು ಹಾಕಿಕೊಂಡು ತವರಿಗೆ ಬಂದಳು ಅಂತ ಆಗಬಾರದು. ಸೋತೆ.

"ಸರಿ ಕಣಮ್ಮ. ಬ್ರೇಕೂ ಹಾಕಿಸ್ತೀನಿ. ಈಗ್ಲಾದ್ರೂ ಮಾತಾಡು."

ಬ್ರೇಕು ಹಾಕಿಸ್ತೀನಿ ಅಂತ ನಾನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ಕೇಳಿಸಿಕೊಳ್ಳೋಕೆ ಅವಳು ಹಿಂದೆ ಇರಲಿಲ್ಲ.

ಅದು ಆಗ ನನಗೆ ಇನ್ನೂ ಗೊತ್ತಿಲ್ಲ. ಮನೆ ಮುಂದೆ ಕಾಲು ಕೊಟ್ಟು ನಿಂತೆ. ಅತ್ತೆ ಚೊಂಬಲ್ಲಿ ನೀರು ಹಿಡಿದು ಬಂದರು.

"ಬಾಪ್ಪ. ಎಲ್ಲಿ ನನ್ ಮಗಳು?"

ನಾನು ಹಿಂದಕ್ಕೆ ತಿರುಗದೆ ಹೇಳಿದೆ. "ಕೋಪ ಮಾಡ್ಕಂಡವ್ಳೆ. ಇಳೀತಾನೇ ಇಲ್ಲ. ನೀವೇ ಇಳಿಸ್ಕಳಿ."

ಅತ್ತೆ ಸೈಕಲ್ಲಿನ ಹಿಂದಕ್ಕೆ ಬಂದು ನೋಡಿದರು. ಬಹಳ ಹೊತ್ತು ನೋಡಿದರು.

"ಇದೇನಪ್ಪ, ಬರೀ ಕ್ಯಾರಿಯರ್ ಬಂದದೆ?"

ಜಗಲಿ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವಳು ತೆಂಗಿನಕಾಯಿ ಗಾಡಿ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾ ಬಂದದ್ದನ್ನೂ ಹೇಳಿದೆ. "ಕೂಗಿ ಕೂಗಿ ಗಂಟಲು ಹರೀತು. ನಿಮಗೆ ಕೇಳಿಸಿದ್ರೆ ತಾನೆ" ಅಂತ ನನ್ನನ್ನೇ ಬೈದಳು. ಇಳಿಜಾರಲ್ಲಿ ಎಲ್ಲೋ ಜಾರಿ ಬಿದ್ದಿರಬೇಕು, ನನ್ನ ಕಿವಿಯದೇ ತಪ್ಪು ಅಂತ ನಾನು ಇಲ್ಲಿಯವರೆಗೂ ತಿಳಿದಿದ್ದೆ.

ಬಾಮೈದ ನಗೋದು ನಿಲ್ಲಿಸಿದ.

"ಅಕ್ಕ ಕೂಗ್ಲಿಲ್ಲ ಭಾವ."

"ಏನು?"

"ಏರಲ್ಲಿ ನಿಮಗೆ ತುಳಿಯೋಕೆ ಕಷ್ಟ ಅಂತ ಅವಳೇ ಮೆಲ್ಲಗೆ ಇಳ್ಕಂಡ್ಳಂತೆ. ಕೂಗಣ ಅಂತ ಬಾಯಿ ತೆಗೆದ್ಲಂತೆ. ಅಷ್ಟ್ರಲ್ಲಿ ನೀವು ಗುಂಡನ್ನ ಹೊಗಳಕ್ಕೆ ಶುರು ಮಾಡಿದ್ರಂತೆ. 'ಅಷ್ಟು ಖುಷಿಯಾಗಿ ಹೋಯ್ತಾವ್ರೆ ಕಣೋ, ನಾನ್ ಇಳಿದಿದ್ಕೇ ಹಗುರ ಆಗಿದ್ದು ಅಂತ ಹೆಂಗೋ ಹೇಳಾದು' ಅಂದ್ಲು. ರಸ್ತೇಲೇ ಕೂತ್ಕಂಡು ನಕ್ಕಳಂತೆ."

ಪಕ್ಕದ ಮನೆಯವರು ಕಣ್ಣೊರೆಸಿಕೊಂಡು ಹೇಳಿದರು. "ಅಲ್ರೀ, ಇಷ್ಟು ವರ್ಷ ಸಿಕ್ಕಿದೋರಿಗೆಲ್ಲ ಆ ಗುಂಡಿನ ಗುಣಗಾನ ಮಾಡ್ಕಂಡು ತಿರುಗಿದ್ರಲ್ಲ! ನಿಮ್ ಮಾತು ಕೇಳಿ ನಾನೂ ಹಾಕಿಸ್ದೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಹೋದ ಮೇಲೆ ಅದೇ ಮೊದಲು.

"ಸೈಕಲ್ ವಿಷಯ ಏನ್ ಮಾಡಿದ್ರಿ ಭಾವ?" ಅಂದ ಬಾಮೈದ.

"ಬ್ರೇಕಿಲ್ಲ ಕಣಯ್ಯ ಅದಕ್ಕೆ."

"ಹಾಕಿಸ್ಕೊಡಿ."

"ಹಾಕಿಸಿದ ಮೇಲೆ ಕೊಡಾಕೆ ಆಗಲ್ಲ."

ಅವನು ನನ್ನ ಮುಖ ನೋಡಿದ. ತಂದಿದ್ದ ಬಟ್ಟೆಯಲ್ಲಿ ಸೈಕಲ್ಲನ್ನು ಚೆನ್ನಾಗಿ ಒರೆಸಿ, ಗೋಡೆಗೆ ಒರಗಿಸಿ, ಹೋದ.

ಮಾರನೇ ದಿನ ಬೆಳಿಗ್ಗೆ ಶಾಪಿನ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ ನಿಂತೆ. ಈಗ ನಮ್ಮ ದೇಶದ್ದೇ ರಬ್ಬರು ಬಂದಿತ್ತು. ಶಾಪಿನವನು ಅಂಚು ಕತ್ತರಿಸಿ ಕೂರಿಸಿದ. ಅರ್ಧ ಗಳಿಗೆ ಕೆಲಸ. ವಿಭೂತಿ ಚೀಲ ಕಟ್ಟಿಕೊಂಡು ಪಿರಿಯಾಪಟ್ಟಣದ ದಾರಿ ಹಿಡಿದೆ. ಹತ್ತಲಿಲ್ಲ. ಹತ್ತಿದರೆ ಹಗುರ ಓಡುತ್ತದೆ. ತಳ್ಳಿಕೊಂಡು ನಡೆದೆ. ಎದುರು ಬಂದ ಗಾಡಿಯವನು, "ಪಂಚರ್ರಾ ಸ್ವಾಮಿ?" ಅಂದ. ಹ್ಞೂ ಅಂದೆ.

ಇಳಿಜಾರು ಬಂತು. ಸೈಕಲ್ಲು ನನ್ನ ಕೈ ಎಳೆದುಕೊಂಡು ಮುಂದಕ್ಕೆ ಹೊರಟಿತು. ಬ್ರೇಕು ಹಿಡಿದೆ.

ನಿಂತಿತು.