ಮಾವ ಇಟ್ಟ ಪಾಸ್‌ವರ್ಡ್

ನನ್ನ ಸೋದರಮಾವನವರಿಗೆ ಕಳ್ಳರ ಭಯವಿತ್ತೆಂದು ತಿಳಿಯಬೇಡಿ. ಕದಿಯುವಂಥದ್ದು ಅವರ ಮನೆಯಲ್ಲಿ ಏನಿತ್ತು? ಬೀಗ ಹಾಕುವುದೇ ಒಂದು ಖುಷಿ. ಸೈಕಲ್ಲಿಗೊಂದು ಬೀಗ, ಅದರ ಪಂಪಿಗೊಂದು, ಶೇಂಗಾ ಹಿಂಡಿಯ ಡಬ್ಬಿಗೂ ಒಂದು! ಇಂಗಳೇಶ್ವರದಲ್ಲಿ ಮಾಸ್ತರಿಕೆ ಮುಗಿಸಿದ ಮೇಲಂತೂ ಉಡಿದಾರದ ಬೀಗದಕೈ ಗೊಂಚಲು ಇನ್ನಷ್ಟು ದಪ್ಪವಾಯಿತು.

ಆಗ ನಾನು ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಎದುರು ಇಂಟರ್ನೆಟ್ ಅಂಗಡಿ ಇಟ್ಟಿದ್ದೆ. ಮಾವ ಕೂಡಿಸಿದ್ದ ಮಳೆಯ ಗಾದೆಗಳಿಗೊಂದು ವೆಬ್‌ಸೈಟ್ ಮಾಡಿಕೊಟ್ಟೆ. ನೋಡಿದವರೇ ಕೇಳಿದರು:

“ಇದಕ್ಕ ಕೀಲಿ ಎಲ್ಲಿ ಹಾಕೂದು?”

“ಮಾಮಾ, ಮಂದಿ ನೋಡ್ಲಿ ಅಂತ ಮಾಡೇವಲ್ರಿ.”

“ನೋಡ್ಲಿ. ಮನಿ ಅಂದಮ್ಯಾಲ ಒಂದು ಖೋಲಿಗರೆ ಕೀಲಿ ಬೇಕಲ್ಲ.”

ಸರಿ, ಒಂದು ಪುಟಕ್ಕೆ ಪಾಸ್‌ವರ್ಡ್ ಇಟ್ಟೆವು. ಯಾವುದು? ಅವರದೇ ಹೆಸರು!

“ಇದು ಇಡೀ ಊರಿಗೆ ಗೊತ್ತೈತ್ರಿ,” ಎಂದು ನಕ್ಕೆ.

“ಇರ್ಲಿ. ನಿಮ್ಮತ್ತಿ ಒಬ್ಬಾಕಿ ಇದನ್ನ ಅನ್ನಾಂಗಿಲ್ಲ,” ಎಂದು ನನ್ನನ್ನು ಹೊರಗೆ ಕಳಿಸಿ, ಒಬ್ಬರೇ ಕೂತು ಏನೋ ಟೈಪ್ ಮಾಡಿದರು. ಆಮೇಲೆ ವಾರವಾರ ಸಂತೆಗೆ ಬಂದಾಗ ಅದನ್ನು ತೆರೆದು ಓದಿ ಹೋಗುತ್ತಿದ್ದರು.

ಅತ್ತೆ ಗಂಡನ ಹೆಸರು ಹೇಳಿದವರೇ ಅಲ್ಲ. ರೇಷನ್ ಕಾರ್ಡಿನವನು ಕೇಳಿದಾಗ ಗೋಡೆಯ ಕ್ಯಾಲೆಂಡರಿನ ದೇವರತ್ತ ಬೆರಳು ತೋರಿಸಿದ್ದರು. ಆ ಪುಣ್ಯಾತ್ಮ ದೇವರ ಕೆಳಗೆ ಅಚ್ಚಾಗಿದ್ದ ಜವಳಿ ಅಂಗಡಿಯ ಹೆಸರನ್ನು ಬರೆದುಕೊಂಡ. ಎರಡು ವರ್ಷ ಮಾವ ಜವಳಿ ಅಂಗಡಿಯಾಗಿಯೇ ಸೀಮೆಎಣ್ಣೆ ತಂದರು!

ಒಂದು ದಿನ ಅತ್ತೆ ಒಬ್ಬರೇ ಅಂಗಡಿಗೆ ಬಂದರು. “ವಿಜಾಪುರದ ಡಾಕ್ಟರ್ ಕಡೆ ಹೋಗಿ ಬಂದಾಗಿಂದ ಅವರು ಸುಮ್ಮನಾಗ್ಯಾರ. ಏನಂದ್ರು ಅಂದ್ರ ಹೇಳವಲ್ರು. ಆ ಕೀಲಿ ಹಾಕಿದ್ದು ತೋರ್ಸಪಾ, ಜೀವ ನಿಂದ್ರವಲ್ದು.”

“ಪಾಸ್‌ವರ್ಡ್ ಹೇಳಬ್ಯಾಡ ಅಂದಾರ್ರಿ.”

“ನೀ ಹೇಳಬ್ಯಾಡ. ನಾ ಅನ್ನಲಾರದ್ದು ಯಾವುದು ಅಂತ ನಂಗ ಗೊತ್ತಿಲ್ಲೇನು? ಬಾಯಿಲೆ ಅನ್ನಬಾರದು. ಬೆರಳಿಗೇನು ದೋಷ?”

ತಾಳಿಯನ್ನು ಕಣ್ಣಿಗೊತ್ತಿಕೊಂಡು, ಏಳನೇ ಇಯತ್ತೆಯ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಪುಟ ತೆರೆಯಿತು.

“ಡಾಕ್ಟರ್ ಅಂದಾರ, ಬರ್ತಾ ಬರ್ತಾ ಎಲ್ಲಾ ಮರೀತೈತಂತ. ಅದಕ್ಕ ಆಕಿದು ಬರ್ದಿಡತೇನಿ. ಆಕೀಗಿ ರೊಟ್ಟಿ ಖಡಕ್ ಬೇಕು. ಗುಡುಗಿಗಿ ಅಂಜತಾಳ, ಅಂಜಿಲ್ಲ ಅಂತಾಳ. ಸಿಟ್ಟಿಗೆದ್ರ ಮಾತಾಡ್ಸಬಾರ್ದು, ಚಹಾ ಮಾಡಿ ಕೊಡಬೇಕು.”

ಅತ್ತೆ ಎರಡು ಸಲ ಓದಿದರು. ಸೆರಗಿನಿಂದ ಮುಖ ಒರೆಸಿಕೊಂಡು, “ಮುಚ್ಚಪಾ. ನಾ ನೋಡೇನಿ ಅಂತ ಅವರಿಗೆ ಹೇಳಬ್ಯಾಡ,” ಎಂದರು.

ಮೂರು ವರ್ಷದ ನಂತರ ಇಬ್ಬರೂ ಕೂಡಿ ಬಂದರು. ಮಾವ ಕಂಪ್ಯೂಟರಿನ ಮುಂದೆ ಕೂತರು, ಬೆರಳು ಮಾತ್ರ ಮೇಲೆಯೇ ನಿಂತಿತು. ಪಾಸ್‌ವರ್ಡ್ ಏನೆಂದು ನನ್ನ ಮುಖ ನೋಡಿದರು. ಅತ್ತೆ ಅವರ ಭುಜದ ಮೇಲೆ ಕೈಯಿಟ್ಟು, ಅಂಗಡಿಯ ಮಂದಿಯೆಲ್ಲ ಕೇಳುವಂತೆ ಆ ಹೆಸರು ಹೇಳಿದರು.

“ಛಂದ ಐತಿ ಹೆಸರು,” ಎಂದರು ಮಾವ. “ಯಾರದು?”

“ನಮ್ಮ ಮನಿಯವರದು,” ಎಂದರು ಅತ್ತೆ.