ಕೊರಳಲ್ಲಿ ಕಾರ್ಡಿಲ್ಲದ ಅಳಿಯ

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬಂದುಬಿಡುತ್ತಾರೆ. ನನಗೆ ನಗೆಪಾಟಲಿನ ಪ್ರಸಂಗಗಳು ಹಾಗೆ ಬರುತ್ತವೆ. ನಾನೇನೂ ತಮಾಷೆಯ ಮನುಷ್ಯನಲ್ಲ. ಇವತ್ತಾದರೂ ತೆಪ್ಪಗೆ ಕೂತು ಕೆಲಸ ಮಾಡಬೇಕೆಂದು ದಿನಾ ಬೆಳಿಗ್ಗೆ ತೀರ್ಮಾನಿಸುತ್ತೇನೆ, ಮಧ್ಯಾಹ್ನದೊಳಗೆ ಏನಾದರೊಂದು ಆಗಿರುತ್ತದೆ.

ನಾನು ಹಲಸೂರಿನಲ್ಲೇ ಹುಟ್ಟಿ ಬೆಳೆದು, ಈಗ ಪಕ್ಕದ ಜೋಗುಪಾಳ್ಯದಲ್ಲಿ ಬಾಡಿಗೆ ಮನೆಯಲ್ಲಿರುವವನು. ಒಂದು ಕಂಪನಿಯಲ್ಲಿ ವೆಬ್ ಡಿಸೈನರ್ ಆಗಿದ್ದೆ. ಅವರಿಗೆ ಒಂದು ದಿನ ಜನ ಜಾಸ್ತಿಯಾದರು ಅನ್ನಿಸಿತು, ಆ ಜಾಸ್ತಿಯಾದ ಜನ ನಾನಾಗಿದ್ದೆ. ಆಮೇಲೆ ಮನೆಯಲ್ಲೇ ಕೂತು ಸುತ್ತಮುತ್ತಲ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡಲು ಶುರುಮಾಡಿದೆ. ನನ್ನ ಹೆಂಡತಿ ಇಲ್ಲೇ ಒಂದು ಶಾಲೆಯಲ್ಲಿ ಕನ್ನಡ ಟೀಚರು. "ಹೆಂಗೋ ನಡೀತದ, ನೀವು ಮಾಡ್ರಿ" ಅಂದಳು. ಆ ಒಂದು ಮಾತಿಗೆ ನಾನು ಅವಳಿಗೆ ಜನ್ಮವಿಡೀ ಋಣಿ.

ಒಪ್ಪದವರು ಮಾವ. ರಾಣೇಬೆನ್ನೂರಿನವರು, ಸರ್ವೆ ಇಲಾಖೆಯಲ್ಲಿ ಜೀವನವಿಡೀ ಜಾಗ ಅಳೆದು ನಿವೃತ್ತರಾದವರು. ಅವರ ಲೆಕ್ಕದಲ್ಲಿ ನೌಕರಿ ಅಂದರೆ ಕೊರಳಲ್ಲಿ ಕಾರ್ಡ್ ನೇತಾಡಬೇಕು. "ಕೊರಳಾಗ ಕಾರ್ಡಿಲ್ಲ, ಬೆಳಿಗ್ಗೆ ಡಬ್ಬಿ ತಗೊಂಡು ಹೊರಗ ಹೋಗಂಗಿಲ್ಲ, ಇದೆಂಥಾ ಕೆಲಸ?" ಎಂದು ಫೋನಿನಲ್ಲಿ ಮಗಳನ್ನು ಕೇಳಿದರು. ಅಲ್ಲಿನ ಕಾಲೇಜಿನ ಗುಮಾಸ್ತರೊಬ್ಬರಿಗೆ ಹೇಳಿ ನನಗೊಂದು ಕಂಪ್ಯೂಟರ್ ಆಪರೇಟರ್ ಕೆಲಸವನ್ನೂ ಹಿಡಿದಿಟ್ಟಿದ್ದರು. ಯುಗಾದಿಗೆ ಮುಂಚೆ ಖುದ್ದು ಬಂದು ನೋಡುತ್ತಾರೆ, ನನ್ನ ಕೆಲಸ ಕೆಲಸದಂತೆ ಕಂಡರೆ ಸರಿ, ಇಲ್ಲದಿದ್ದರೆ ಗಂಟುಮೂಟೆ ಸಮೇತ ರಾಣೇಬೆನ್ನೂರು. ಒಳ್ಳೆಯ ಊರೇ, ಆದರೆ ನನಗೆ ಹಲಸೂರು ಬಿಟ್ಟರೆ ನಿದ್ದೆ ಬರುವುದಿಲ್ಲ. ಆ ದಿನಗಳಲ್ಲಿ ನಡೆದದ್ದನ್ನೇ ಹೇಳುತ್ತಿದ್ದೇನೆ.

ಒಪ್ಪಿಕೊಳ್ಳಿ

ನನ್ನ ಮೊದಲ ಗಿರಾಕಿ ಕಮ್ಮನಹಳ್ಳಿಯ ಒಬ್ಬ ಬೇಕರಿ ಮಾಲೀಕರು. ಬೆಣ್ಣೆ ಬಿಸ್ಕತ್ತು, ಖಾರಾ ಬನ್, ದಿಲ್‌ಪಸಂದ್, ಎಲ್ಲದರ ಫೋಟೋ ತೆಗೆದು ಚೆಂದದ ಪುಟ ಮಾಡಿಕೊಟ್ಟೆ. ಮಾರನೇ ದಿನವೇ ಫೋನ್.

"ಏನ್ರೀ, ನಮ್ಮಲ್ಲಿ ಏನೇನ್ ಮಾಡ್ತೀವಿ ಅಂತ ನಿಮಗೆ ಬಿಡಿಸಿ ಹೇಳಿದ್ದೆ ತಾನೆ?"

"ಹೇಳಿದ್ರಿ ಸಾರ್."

"ಕುಕೀಸ್ ಮಾಡ್ತೀವಿ ಅಂದಿದ್ನಾ?"

"ಇಲ್ಲ ಸಾರ್."

"ಮತ್ತೆ ಪೇಜ್ ತೆಗೆದ ತಕ್ಷಣ 'ವಿ ಯೂಸ್ ಕುಕೀಸ್, ಅಕ್ಸೆಪ್ಟ್ ಮಾಡಿ' ಅಂತ ಬರ್ತಿದೆಯಲ್ಲ! ಅದೂ ಯೂಸ್ ಅಂತೆ. ನಾವು ಯೂಸ್ ಮಾಡಲ್ಲ ಕಣ್ರೀ, ಮಾರ್ತೀವಿ. ಇಲ್ಲೊಬ್ರು ಅಜ್ಜಿ, 'ನಾನು ಅಕ್ಸೆಪ್ಟ್ ಮಾಡಿದ್ದೀನಿ, ಎಲ್ಲಿ ಕೊಡಿ' ಅಂತ ನಿಂತ್ಬಿಟ್ಟಿದ್ದಾರೆ. ಏನ್ ಕೊಡ್ಲಿ?"

ಅದು ತಿನ್ನುವ ಕುಕೀಸ್ ಅಲ್ಲ, ಪುಟಕ್ಕೆ ಒಮ್ಮೆ ಬಂದವರನ್ನು ಮುಂದಿನ ಸಲ ಗುರುತು ಹಿಡಿಯಲು ಕಂಪ್ಯೂಟರು ಇಟ್ಟುಕೊಳ್ಳುವ ಒಂದು ಚೀಟಿ ಎಂದು ವಿವರಿಸಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು.

"ಗಿರಾಕೀನ ಗುರುತು ಹಿಡಿಯೋಕೆ ನನಗೆ ಮುಖ ಸಾಕು ಕಣ್ರೀ. ತೆಗೀರಿ ಅದನ್ನ."

ತೆಗೆದೆ. ಕೆಲವು ದಿನ ಬಿಟ್ಟು ಮತ್ತೆ ಫೋನ್ ಬಂತು. ಕೆಲಸ ಕೈಬಿಟ್ಟುಹೋಯಿತು ಅಂದುಕೊಂಡು ಹೆದರಿ ಎತ್ತಿದೆ.

"ಆ ಕುಕೀಸ್ ವಿಷಯ ವಾಪಸ್ ಹಾಕಿಬಿಡಿ," ಅಂದರು. "ಜನ ಬಂದು ಬಂದು ಕೇಳ್ತಿದ್ರಲ್ಲ, ಮಾಡೋಕೆ ಶುರುಮಾಡ್ಬಿಟ್ಟೆ. ಈಗ ಬೆಣ್ಣೆ ಬಿಸ್ಕತ್ತಿಗಿಂತ ಅದೇ ಜೋರಾಗಿ ಹೋಗ್ತಿದೆ!"

ಮನೆಗೊಂದು ಡಬ್ಬಿ ಕುಕೀಸ್ ಕಳಿಸಿದರು. ದೇವರು ಅವರ ಒಲೆಯನ್ನು ಬಿಸಿಯಾಗಿಟ್ಟಿರಲಿ. ನಾನು ತಲೆ ಕೆಡಿಸಿಕೊಂಡು ಬರೆದ ಜಾಹೀರಾತುಗಳಿಗೆ ಒಬ್ಬ ಗಿರಾಕಿಯೂ ಬರಲಿಲ್ಲ, ಬರೆಯದೇ ಬಂದ ಒಂದು ಸಾಲು ಒಂದು ಹೊಸ ತಿಂಡಿಯನ್ನೇ ಹುಟ್ಟಿಸಿತು.

ಅರ್ಧ ಕೆನ್ನೆ

ನನಗೆ ಸಿನಿಮಾ ಹುಚ್ಚು. ನೋಡಿದ್ದರ ಬಗ್ಗೆ ಅಭಿಪ್ರಾಯ ಹೇಳುವ ಹುಚ್ಚು ಅದಕ್ಕಿಂತ ದೊಡ್ಡದು. ಅದಕ್ಕೆಂದೇ ಒಂದು ಬ್ಲಾಗ್ ಇಟ್ಟಿದ್ದೇನೆ. ಬಹಳ ಕಾಲ ಅದಕ್ಕೆ ಇದ್ದ ಓದುಗರು ಇಬ್ಬರು, ನಾನು ಮತ್ತು ನನ್ನ ಹೆಂಡತಿ. ಅವಳು ಓದುತ್ತಿದ್ದುದೂ ಒತ್ತಕ್ಷರ ತಿದ್ದುವುದಕ್ಕೆ.

ಆಮೇಲೆ ಹಲಸೂರು ಬಜಾರಿನ ನಮ್ಮ ಕಟಿಂಗ್ ಶಾಪಿನವರಿಗೆ ಒಂದು ಪುಟ ಮಾಡಿಕೊಟ್ಟೆ. ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಹಾಕಿದ್ದೆ, ಒತ್ತಿದರೆ ನನ್ನ ಬ್ಲಾಗಿಗೆ ಹೋಗುತ್ತದೆ. ಒತ್ತುವವರು ಯಾರಿದ್ದಾರೆ ಅಂದುಕೊಂಡಿದ್ದೆ.

ಒಂದು ಭಾನುವಾರ ಶೇವಿಂಗಿಗೆ ಕೂತಿದ್ದೆ. ಎಡಗೆನ್ನೆ ಮುಗಿಯಿತು. ಕತ್ತಿ ಗಂಟಲ ಹತ್ತಿರ ಬಂದಾಗ ಅವರು ಮೆಲ್ಲಗೆ ಕೇಳಿದರು:

"ಅಣ್ಣಾ, ನಮ್ಮ ಬಾಸ್ ಪಿಚ್ಚರ್ ಬಗ್ಗೆ ನೀವೇ ಬರೆದಿದ್ದಾ?"

ಕನ್ನಡಿಯ ಮೇಲಿನ ಪಟ ಆಗ ಕಣ್ಣಿಗೆ ಬಿತ್ತು. ಅವರು ಬಾಸ್ ಅನ್ನುವ ನಾಯಕನಟನ ದೊಡ್ಡ ಫೋಟೋ, ಅದಕ್ಕೆ ಆ ದಿನದ್ದೇ ಮಲ್ಲಿಗೆ ಹಾರ. 'ಈ ಚಿತ್ರದ ಅತ್ಯುತ್ತಮ ಭಾಗ ಇಂಟರ್ವಲ್, ಸಮೋಸ ಬಿಸಿಯಾಗಿತ್ತು' ಎಂದು ನಾನು ಬರೆದಿದ್ದೆ.

"ಅದು... ಮೊದಲನೇ ಸಲ ನೋಡಿದಾಗ ಬರೆದಿದ್ದು," ಅಂದೆ, ಗಂಟಲು ಆದಷ್ಟು ಕಡಿಮೆ ಅಲುಗಾಡುವಂತೆ.

"ಒಂದು ಸ್ಟಾರು ಕೊಟ್ಟಿದ್ದೀರ. ಕ್ಲೈಮ್ಯಾಕ್ಸಲ್ಲಿ ನಾನು ಅತ್ತುಬಿಟ್ಟೆ ಅಣ್ಣಾ."

"ನಾನೂ ಅತ್ತೆ," ಅಂದೆ. ಅದು ಸುಳ್ಳಲ್ಲ. ಕಾರಣ ಬೇರೆ ಇತ್ತು, ಅಷ್ಟೇ.

ಅವರು ಕತ್ತಿಯನ್ನು ಮಡಚಿ ಪಕ್ಕಕ್ಕಿಟ್ಟರು. ನನ್ನ ಮೊಬೈಲನ್ನು ಒರೆಸಿ ಕೈಗೆ ಕೊಟ್ಟರು. "ನಿಧಾನಕ್ಕೆ ಯೋಚನೆ ಮಾಡಿ ಅಣ್ಣಾ, ಅವಸರ ಇಲ್ಲ. ಸರಿ ಮಾಡಿ ಆದ್ಮೇಲೆ ಈ ಕಡೆ ಕೆನ್ನೆ ಮಾಡ್ತೀನಿ."

ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ನೊರೆ. ಹೊರಗೆ ಪೂರ್ತಿ ಬಜಾರು. ನಾನು ಸ್ಥಳದಲ್ಲೇ ಮರುವಿಮರ್ಶೆ ಬರೆದೆ. ಆಮೇಲೆ ಅವರು ಎಷ್ಟು ಮುತುವರ್ಜಿಯಿಂದ ಶೇವ್ ಮಾಡಿ, ತಲೆಗೂ ಎಣ್ಣೆ ತಟ್ಟಿ ಕಳಿಸಿದರೆಂದರೆ ನನಗೇ ನಾಚಿಕೆಯಾಯಿತು. ಅಂದಿನಿಂದ ಕುರ್ಚಿಯಲ್ಲಿ ಕೂತವರಿಗೆಲ್ಲ ನನ್ನ ಬ್ಲಾಗು ಓದಿ ಹೇಳುತ್ತಾರೆ. ನನಗೆ ಓದುಗರು ಸಿಕ್ಕಿದ್ದೇ ಅವರಿಂದ. ಆ ಚಿತ್ರಕ್ಕೆ ಒಂದೂವರೆ ಸ್ಟಾರ್ ಹೇಗೆ ಬಂತೆಂದು ಯಾರಾದರೂ ಕೇಳಿದರೆ ನಿಜವನ್ನೇ ಹೇಳುತ್ತೇನೆ: ಒಂದು ಸ್ಟಾರು ಚಿತ್ರಕ್ಕೆ, ಅರ್ಧ ಕೆನ್ನೆಗೆ.

ಹಾಲ್ ಆಫ್

ಮಾವ ಬಂದೇಬಿಟ್ಟರು. ಬೆಳಗಿನ ರೈಲಿನಿಂದ ಇಳಿದು, ಒಂದು ಚೀಲ ರೊಟ್ಟಿ, ಶೇಂಗಾ ಚಟ್ನಿಪುಡಿ ಹೊತ್ತುಕೊಂಡು ಬಂದು, ಹಾಲಿನಲ್ಲಿ ಪೇಪರ್ ಹಿಡಿದು ಕೂತರು. ಹಾಲು ಅಂದರೆ ನಮ್ಮ ಮನೆಯ ಮುಂದಿನ ಕೋಣೆ. ಜೋಗುಪಾಳ್ಯದಲ್ಲಿ ಪಕ್ಕದ ಮನೆಯ ಗೋಡೆಯೇ ನಮ್ಮ ಕಿಟಕಿಯ ನೋಟವಾದ್ದರಿಂದ ಅಲ್ಲಿ ಹಗಲೂ ಲೈಟು ಬೇಕು.

ಆ ಲೈಟಿಗೆ ನಾನೇ ಒಂದು ಯಂತ್ರ ಜೋಡಿಸಿದ್ದೆ. ಎಸ್‌ಪಿ ರಸ್ತೆಯಿಂದ ಬಿಡಿಭಾಗ ತಂದು, ಮಾತು ಕೇಳುವ ಪೆಟ್ಟಿಗೆಯೊಂದನ್ನು ಮಾಡಿ ಗೋಡೆಗೆ ಹೊಡೆದಿದ್ದೆ. 'ಹಾಲ್ ಆನ್' ಅಂದರೆ ಹತ್ತುತ್ತದೆ, 'ಹಾಲ್ ಆಫ್' ಅಂದರೆ ಆರುತ್ತದೆ. ಕನ್ನಡದಲ್ಲಿ ಉತ್ತರ ಕೊಡಲಿ ಎಂದು 'ಆಯ್ತು' ಅನ್ನುವ ಮಾತನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಹಾಕಿದ್ದೆ. ಮಾವನಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂಬ ಆಸೆ.

ನಾನು ಒಳಗೆ ಕಿವಿಗೆ ಹೆಡ್‌ಫೋನ್ ಹಾಕಿ ಕೆಲಸದಲ್ಲಿದ್ದೆ. ಹೆಂಡತಿ ಅಪ್ಪನ ಚಹಾಕ್ಕೆಂದು ಒಲೆಯ ಮೇಲೆ ಹಾಲಿಟ್ಟು ಸ್ನಾನಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಬಚ್ಚಲಿಂದ ಕೂಗಿದಳು:

"ರೀ, ಹಾಲ್ ಆಫ್ ಮಾಡ್ರಿ!"

"ಆಯ್ತು," ಅಂದಿತು ಗೋಡೆ, ನನ್ನ ದನಿಯಲ್ಲಿ. ಹಾಲಿನ ಲೈಟು ಹೋಯಿತು. ಮಾವ ಕತ್ತಲಲ್ಲಿ ಪೇಪರ್ ಹಿಡಿದು ಕೂತರು. ಅಡುಗೆಮನೆಯಲ್ಲಿ ಹಾಲು ಉಕ್ಕಿ, ಒಲೆ ದಾಟಿ, ಕಟ್ಟೆಯಿಂದ ನೆಲಕ್ಕೆ ಇಳಿಯಿತು.

ಸುಟ್ಟ ವಾಸನೆಗೆ ನಾನು ಓಡಿ ಬಂದೆ. ತಲೆಗೆ ಟವೆಲ್ ಸುತ್ತಿಕೊಂಡು ಅವಳೂ ಬಂದಳು. "ಆಯ್ತು ಅಂದ್ರಲ್ಲ!"

"ನಾನು ಅನ್ಲಿಲ್ಲ ಕಣೇ. ಗೋಡೆ ಅಂತು."

"ಖರೆ ಐತವ್ವ," ಅಂದರು ಮಾವ ಕತ್ತಲಿಂದ. "ಗೋಡಿನ ಅಂತು. ನಾನ ಕೇಳೀನಿ."

ಅವಳು ನೆಲ ಒರೆಸುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು. "ನಂದ ತಪ್ಪು ಬಿಡ್ರಿ. ಒಂದ ಸಲ ಹೇಳಿದ ಕೂಡ್ಲೇ ಆಯ್ತು ಅಂದಾಗನ ತಿಳೀಬೇಕಿತ್ತು, ಇದು ನಮ್ಮ ಮನೆಯವರಲ್ಲ ಅಂತ."

ಎಷ್ಟಕ್ಕ ಎಷ್ಟು?

ಮೊದಲ ದಿನವೇ ಹೀಗಾದ ಮೇಲೆ ರಾಣೇಬೆನ್ನೂರು ಖಾಯಂ ಅನ್ನಿಸಿತು. ಮಾವ ಮಾರನೇ ದಿನ ನನ್ನ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು, ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರಂತೆ ಕೂತರು. ನಾನು ಬನಿಯನ್ನು, ಲುಂಗಿ. ಕೈ ಕೀಬೋರ್ಡ್ ಮೇಲಿರುವುದರಿಂದ ನನ್ನ ಫೋನ್ ಯಾವಾಗಲೂ ಸ್ಪೀಕರಿನಲ್ಲಿ.

ಮೊದಲು ಕೆ.ಆರ್. ಪುರದ ಪೇಂಟ್ ಅಂಗಡಿಯವರು. "ಸಾರ್, ನಮ್ ಸೈಟ್ ಯಾವಾಗ ಕೊಡ್ತೀರ?"

"ನಾಳೆ ಕೊಟ್ಬಿಡ್ತೀನಿ ಸಾರ್, ರೆಡಿ ಇದೆ."

ಮಾವನ ಪೇಪರು ಸ್ವಲ್ಪ ಕೆಳಗಿಳಿಯಿತು. ಸರ್ವೆಯವರ ಕಿವಿಗೆ ಸೈಟು ಅಂದರೆ ಒಂದೇ ಅರ್ಥ.

ಆಮೇಲೆ ಬೇಕರಿಯವರು. "ಸೈಟ್ ಒಳ್ಳೇ ಜಾಗದಲ್ಲಿ ಬರ್ತಿದೆ ಕಣ್ರೀ, ಎಲ್ಲರಿಗಿಂತ ಮುಂದೆ! ನಮ್ಮ ತಮ್ಮನಿಗೂ ಒಂದು ಬೇಕಂತೆ." ಗೂಗಲ್ಲಿನಲ್ಲಿ ಹುಡುಕಿದರೆ ಅವರ ಅಂಗಡಿ ಮೊದಲು ಕಾಣುತ್ತಿದೆ ಎಂಬ ಖುಷಿ ಅವರದು. ಮಾವ ಪೇಪರ್ ಮಡಚಿದರು.

ಮೂರನೆಯದು ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯ ಭಾಯ್. ರಂಜಾನ್ ವ್ಯಾಪಾರದ ಹೊತ್ತು, ದನಿಯಲ್ಲಿ ಅಳು.

"ಅರೇ ಭಾಯ್, ನಮ್ ಸೈಟ್‌ಗೆ ಯಾರೋ ನುಗ್ಗಿಬಿಟ್ಟವ್ರೆ! ನಮ್ದು ಬೋರ್ಡ್ ತೆಗ್ದು ಜೂಜಿಂದು ಬೋರ್ಡ್ ಹಾಕವ್ರೆ! ಹಬ್ಬದ ಟೈಮ್‌ನಲ್ಲಿ ನನ್ ಇಜ್ಜತ್ ಹೋಯ್ತು!"

ಹ್ಯಾಕ್ ಆಗಿತ್ತು. ನನಗಿದು ಹೊಸದಲ್ಲ. "ಗಾಬರಿ ಆಗ್ಬೇಡಿ ಭಾಯ್," ಅಂದೆ ಕೂತಲ್ಲಿಂದಲೇ. "ಮೊದ್ಲು ಅವರನ್ನ ಹೊರಗೆ ಹಾಕ್ತೀನಿ. ಬೀಗ ಬದಲಾಯಿಸ್ತೀನಿ. ಎಲ್ಲಾ ಕೆಡವಿ, ನಿನ್ನೆ ಹೇಗಿತ್ತೋ ಹಾಗೇ ಎಬ್ಬಿಸಿ ಕೊಡ್ತೀನಿ. ಮಧ್ಯಾಹ್ನದೊಳಗೆ."

ಮಾವ ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋದರು. ಅವರು ಅಲ್ಲಿ ಕೇಳಿದ್ದನ್ನು ಹೆಂಡತಿ ಆಮೇಲೆ ಹೇಳಿದಳು. "ಮಗಳ, ಖರೆ ಹೇಳು. ಇವರ ಹಿಂದ ಎಷ್ಟು ಮಂದಿ ಅದಾರ?" ಅವಳು, "ಯಾರೂ ಇಲ್ಲಪ್ಪ, ಒಬ್ಬರ ಎಲ್ಲಾ ಮಾಡ್ತಾರ" ಅಂದಳಂತೆ. ಮಾವ ಅಲ್ಲೇ ಒಂದು ಲೋಟ ನೀರು ಕುಡಿದರಂತೆ.

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ತಟ್ಟೆಗೆ ರೊಟ್ಟಿ ಹಾಕಿದವರು ಮಾವ. ಅಷ್ಟರಲ್ಲಿ ಭಾಯ್ ಫೋನ್ ಬಂತು. "ಬಂತು ಭಾಯ್, ನಮ್ ಸೈಟ್ ನಮಗೆ ವಾಪಸ್ ಬಂತು! ನಿಮ್ ಮಕ್ಕಳು ಮರಿ ಎಲ್ಲಾ ಚೆನ್ನಾಗಿರ್ಲಿ. ಈ ಹಬ್ಬದಲ್ಲಿ ನಿಮಗೂ ಒಂದು ದುವಾ ಮಾಡ್ತೀನಿ!"

ನನಗೆ ಕಣ್ಣು ತುಂಬಿತು. ಮಕ್ಕಳು ಮರಿ ಇನ್ನೂ ಇಲ್ಲ, ಆದರೂ ತುಂಬಿತು. ಕಂಪನಿಯಲ್ಲಿದ್ದಷ್ಟು ವರ್ಷವೂ ಯಾರೂ ನನಗೆ ದುವಾ ಮಾಡಿರಲಿಲ್ಲ.

ಮಾವ ಗಂಟಲು ಸರಿಮಾಡಿಕೊಂಡರು. "ಅಳಿಯಂದ್ರ, ಆ ಕಮರ್ಷಿಯಲ್ ಸ್ಟ್ರೀಟಿನ ಸೈಟು ಎಷ್ಟಕ್ಕ ಎಷ್ಟು?"

"ಅಳತೆ ಕೇಳ್ತಿದ್ದೀರಾ ಮಾವ? ಅದು ನೋಡೋದರ ಮೇಲೆ. ಮೊಬೈಲಲ್ಲಿ ನೋಡಿದ್ರೆ ಚಿಕ್ಕದಾಗುತ್ತೆ, ಲ್ಯಾಪ್‌ಟಾಪಲ್ಲಿ ನೋಡಿದ್ರೆ ದೊಡ್ಡದಾಗುತ್ತೆ."

ಜೀವನವಿಡೀ ಸರಪಳಿ ಹಿಡಿದು ಜಾಗ ಅಳೆದವರು ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಗೆ ವಾಪಸಿಟ್ಟರು. ಹೆಂಡತಿಗೆ ಆಗ ಹೊಳೆಯಿತು. ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡು, ನೀರು ಕುಡಿದು, ಲ್ಯಾಪ್‌ಟಾಪ್ ತಂದು ಅಪ್ಪನಿಗೆ ಒಂದೊಂದಾಗಿ ಸೈಟು ತೋರಿಸಿ, ಇವನ್ನು ಇಂಟರ್ನೆಟ್ಟಿನಲ್ಲಿಡಲು ಅಂಗಡಿಯವರು ವರ್ಷವರ್ಷವೂ ದುಡ್ಡು ಕಟ್ಟುತ್ತಾರೆಂದೂ ಹೇಳಿದಳು.

ಮಾವ ಎಲ್ಲವನ್ನೂ ನೋಡಿದರು. "ಅಂದ್ರ, ಜಾಗಾನ ಇಲ್ಲ?"

"ಇಲ್ಲ ಮಾವ."

"ಇಲ್ಲದ ಜಾಗಕ್ಕ ವರ್ಷಾ ಬಾಡಿಗಿ ಕೊಡ್ತಾರ?"

"ಹೌದು ಮಾವ."

"ಅದಕ್ಕ ಕಳ್ಳರೂ ನುಗ್ಗತಾರ?"

"ನುಗ್ತಾರೆ ಮಾವ."

ಕೈ ತೊಳೆದುಕೊಂಡು ಹಾಲಿಗೆ ಹೋದರು. ಮುಗಿಯಿತು ಅಂದುಕೊಂಡೆ. ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಮಾವ ಫೋನ್ ತೆಗೆದು ಊರಿನ ಆ ಗುಮಾಸ್ತರಿಗೆ ಹಚ್ಚಿದರು. ಅವರದು ಎಂದಿನಂತೆ ಬೀದಿಗೆಲ್ಲ ಕೇಳುವ ದನಿ.

"ಆ ಆಪರೇಟರ್ ನೌಕರಿ ಬ್ಯಾರೇ ಯಾರಿಗರ ಕೊಡ್ರಿ, ನಮ್ಮ ಅಳಿಯಂದ್ರು ಬರಂಗಿಲ್ಲ... ಇಲ್ಲೇ ಸೈಟಿನ ದಂಧೆ ಮಾಡ್ತಾರ... ಏ, ಹಂಗಲ್ರಿ, ಕೇಳ್ರಿ! ಇಲ್ಲದ ಸೈಟು ಮಾರಿ ಓಡಿ ಹೋಗೋ ಮಂದೀನ ಬೆಂಗಳೂರಾಗ ಬೇಕಾದಷ್ಟು ನೋಡೀನಿ. ಇಲ್ಲದ ಸೈಟು ಮಾರಿದ ಮ್ಯಾಲೂ, ತಗೊಂಡವರು ಫೋನ್ ಹಚ್ಚಿ ಆಶೀರ್ವಾದ ಮಾಡೋದು ನಮ್ಮ ಅಳಿಯಂದ್ರಿಗೆ ಒಬ್ಬರಿಗೇ ನೋಡ್ರಿ!"